ಬಂಡೆಯೋ, ಹೊಳೆಯೋ, ಕಾಡೋ: ಬೆಂಗಳೂರಿಂದ ಬೇಸಿಗೆ ಸುತ್ತಾಟಕ್ಕೆ ಯಾವುದು ವಾಸಿ?

ಏಪ್ರಿಲ್ ಬಂತು ಅಂದ್ರೆ ನನ್ನ ಫೋನಿನಲ್ಲಿ ಎರಡು ವಾಟ್ಸಾಪ್ ಗುಂಪುಗಳು ಒಟ್ಟಿಗೆ ಎದ್ದು ಕೂರುತ್ತವೆ. ಆಫೀಸಿನ ಗೆಳೆಯರಿಗೆ ಬೆಟ್ಟ ಹತ್ತಬೇಕು, ಟೆಂಟ್ ಹಾಕಬೇಕು. ಮನೆಯ ಗುಂಪಿನಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಮಂಡಿನೋವಿನ ಅಮ್ಮ. ಇವರಿಗೆ ಎಲ್ಲಾದರೂ ನೆರಳಿರುವ ಕಡೆ ಹೋಗಿ ಪ್ರಾಣಿ ಪಕ್ಷಿ ನೋಡಬೇಕು. ಎರಡೂ ಗುಂಪಿನ ಜೊತೆ ಸುತ್ತಿದ್ದೇನೆ. ಸಾವನದುರ್ಗ, ಊರ ಹೊರಗಿನ ಟೆಂಟ್ ಕ್ಯಾಂಪ್, ಕಾವೇರಿ ದಡದ ಗಾಳಿಬೋರೆ, ಕಬಿನಿ, ಕೊಕ್ಕರೆ ಬೆಳ್ಳೂರು. ಎಲ್ಲವೂ ಬೇಸಿಗೆಯಲ್ಲೇ ಹೋಗಿದ್ದು. ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ನಾವು ನೋಡುವ ಫೋಟೊಗಳೆಲ್ಲ ಚಳಿಗಾಲದವು. ಸ್ಕಂದಗಿರಿಯ ಮೇಲಿಂದ ಮೋಡ ನೋಡ್ತೀವಿ ಅಂತ ಏಪ್ರಿಲ್‌ನಲ್ಲಿ ಹೋದರೆ ಸಿಗೋದು ಬರೀ ಬೆವರು.

ನನ್ನ ಲೆಕ್ಕ ಇಷ್ಟೇ. ಬೇಸಿಗೆಯಲ್ಲಿ ಪ್ರಾಣಿಗಳು ಎಲ್ಲಿಗೆ ಹೋಗುತ್ತವೋ ಅಲ್ಲಿಗೇ ಹೋಗಬೇಕು, ಅಂದ್ರೆ ನೀರಿನ ಹತ್ತಿರ. ಬೆಟ್ಟದ ಆಸೆ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಗೆಳೆಯರು ಇದನ್ನು ಒಪ್ಪಲ್ಲ, ಅದು ಬೇರೆ ಮಾತು.

ಸಾವನದುರ್ಗದಿಂದಲೇ ಶುರು ಮಾಡ್ತೀನಿ. ಮಾಗಡಿ ರಸ್ತೆಯಲ್ಲಿ ಹೋದರೆ ಸುಮಾರು 50 ಕಿಲೋಮೀಟರ್. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು. ಏಕಶಿಲೆ ಅನ್ನೋದು ಕೇಳೋಕೆ ಚೆಂದ. ಹತ್ತುವವರಿಗೆ ಅದರರ್ಥ ಬೇರೆ: ಮರ ಇಲ್ಲ, ನೆರಳಿಲ್ಲ, ನೀರಂತೂ ಇಲ್ಲವೇ ಇಲ್ಲ. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಸ್ಥಾನಗಳಿವೆ. ಅಲ್ಲಿಂದ ಮುಂದಕ್ಕೆ ಬೋಳು ಬಂಡೆ.

ಬೆಳಕು ಹರಿಯುವ ಹೊತ್ತಿಗೆ ಹತ್ತೋಕೆ ಶುರು ಮಾಡಿದರೆ ಬಂಡೆ ತಣ್ಣಗಿರುತ್ತದೆ, ಅಂಗೈ ಊರಿದರೆ ಹಿತ ಅನಿಸುತ್ತದೆ. ಒಂದೂವರೆ, ಎರಡು ಗಂಟೆಯಲ್ಲಿ ತುದಿಯ ನಂದಿ ಮಂಟಪ. ದೂರದಲ್ಲಿ ಮಂಚನಬೆಲೆ ಜಲಾಶಯದ ನೀರು, ಮುಖಕ್ಕೆ ರಾಚುವ ಗಾಳಿ. ಇಲ್ಲಿಯವರೆಗೆ ಎಲ್ಲ ಸೊಗಸು. ಕಷ್ಟ ಇರೋದು ಇಳಿಯುವಾಗ. ಒಂಬತ್ತು ಗಂಟೆ ದಾಟಿತು ಅಂದ್ರೆ ಅದೇ ಬಂಡೆಯ ಮೇಲೆ ಕೂತು ಜಾರಿ ಇಳಿಯೋಕೆ ಆಗಲ್ಲ, ಪ್ಯಾಂಟ್ ಒಳಗಿಂದ ಸುಡುತ್ತದೆ. ಕಡಿದಾದ ಕಡೆ ಕೈ ಊರಬೇಕು, ಊರಿದ ಕೈ ತಟ್ಟನೆ ಎತ್ತಬೇಕು. ಹತ್ತಿದ್ದಕ್ಕಿಂತ ಇಳಿಯೋದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ತೊಡೆ ನಡುಗುತ್ತದೆ. ತಲೆಗೆ ಮೂರು ಲೀಟರ್ ನೀರು ಬೇಕೇ ಬೇಕು. ಒಂದು ಬಾಟಲಿ ಹಿಡಿದು ಬಂದವನು ಕೊನೆಗೆ ನಿಮ್ಮ ಬಾಟಲಿಗೇ ಬಾಯಿ ಹಾಕುತ್ತಾನೆ.

ಇನ್ನೊಂದು ಅಪಾಯ ಮಧ್ಯಾಹ್ನದ ಮಳೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಮೂರು ಗಂಟೆಯ ಮೇಲೆ ಇದ್ದಕ್ಕಿದ್ದಂತೆ ಗುಡುಗು, ಮಿಂಚು. ಬೋಳು ಬಂಡೆಯ ಮೇಲೆ ಸಿಡಿಲಿಗೆ ಅಡಗೋಕೆ ಜಾಗ ಎಲ್ಲಿದೆ? ನೆನೆದ ಬಂಡೆ ಜಾರುವುದು ಸಾಲದ್ದಕ್ಕೆ. ‘ಸಂಜೆ ಹತ್ತೋಣ ಮಗಾ, ಬಿಸಿಲಿರಲ್ಲ’ ಅನ್ನುವ ಗೆಳೆಯನ ಮಾತು ಮಾತ್ರ ಕೇಳಬೇಡಿ.

ಬೆಟ್ಟವೇ ಬೇಕು, ಜೊತೆಗೆ ಮನೆಯವರೂ ಬರ್ತಾರೆ ಅನ್ನುವುದಾದರೆ ರಾಮನಗರದ ರಾಮದೇವರ ಬೆಟ್ಟ ವಾಸಿ. ಮೆಟ್ಟಿಲಿದೆ, ಕಂಬಿ ಇದೆ, ಶೋಲೆಯ ಕಥೆ ಹೇಳೋಕೆ ಭಾವ ಇದ್ದಾರೆ. 2012ರಲ್ಲಿ ಇದನ್ನು ರಣಹದ್ದು ಧಾಮ ಅಂತ ಘೋಷಿಸಿದರು. ದನಗಳ ನೋವಿಗೆ ಡೈಕ್ಲೋಫೆನಾಕ್ ಅನ್ನೋ ಔಷಧಿ ಕೊಡುತ್ತಿದ್ದರು, ಅಂಥ ದನ ಸತ್ತಾಗ ಅದನ್ನು ತಿಂದು ದೇಶದ ರಣಹದ್ದುಗಳೆಲ್ಲ ಸತ್ತು ಹೋಗುತ್ತಿದ್ದವು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡೋದನ್ನು ನಿಷೇಧಿಸಿದರು. ಉಳಿದ ಕೆಲವೇ ಕೆಲವು ಹದ್ದುಗಳ ನೆಲೆ ಇದು. ಆದರೆ ಒಂದು ತೊಡಕಿದೆ. ರಣಹದ್ದು ಮೇಲೇರಬೇಕಾದರೆ ಬಂಡೆ ಕಾದು ಬಿಸಿಗಾಳಿ ಏಳಬೇಕು. ನಾವು ಅಷ್ಟು ಹೊತ್ತಿಗೆ ಇಳಿದಿರಬೇಕು. ಹದ್ದು ಕಾಣೋದು ಅದೃಷ್ಟ. ಕಾಣದಿದ್ದರೆ ವಾಪಸ್ ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿಯಂತೂ ಇದ್ದೇ ಇದೆ.

ಟೆಂಟ್ ಕ್ಯಾಂಪ್ ಬಗ್ಗೆ ಜಾಸ್ತಿ ಹೇಳಲ್ಲ. ಊರಿಂದ ಒಂದೆರಡು ಗಂಟೆ ದೂರದ ಒಂದು ಖಾಸಗಿ ಜಾಗಕ್ಕೆ ಗೆಳೆಯರ ಜೊತೆ ಹೋಗಿದ್ದೆ. ‘ನಕ್ಷತ್ರಗಳ ಕೆಳಗೆ ನಿದ್ದೆ’ ಅಂತ ಜಾಹೀರಾತು. ಟೆಂಟುಗಳನ್ನು ಕೈಚಾಚಿದರೆ ಸಿಗುವಷ್ಟು ಹತ್ತಿರ ಹಾಕಿದ್ದರು, ಹನ್ನೊಂದರವರೆಗೆ ಸ್ಪೀಕರ್‌ನಲ್ಲಿ ಹಾಡು. ಒಳಗೆ ಮಲಗಿದರೆ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗೆ. ಮಧ್ಯರಾತ್ರಿ ದಾಟುವವರೆಗೆ ಗಾಳಿಯೇ ಆಡಲಿಲ್ಲ. ಕೊನೆಗೆ ಎಲ್ಲರೂ ಚಾಪೆ ಎಳೆದುಕೊಂಡು ಹೊರಗೆ ಮಲಗಿದೆವು. ಹಾಗಾದರೆ ಟೆಂಟಿಗೆ ಯಾಕೆ ದುಡ್ಡು ಕೊಟ್ಟಿದ್ದು? ಮನೆ ತಾರಸಿಯಲ್ಲೇ ಮಲಗಬಹುದಿತ್ತು.

ನಾವೇ ಟೆಂಟ್ ಹೊತ್ತುಕೊಂಡು ಕಾಡಿಗೆ ಹೋದರೆ ಅನ್ನುವವರಿಗೆ: ಅನುಮತಿ ಇಲ್ಲದೆ ಅರಣ್ಯದಲ್ಲಿ ತಂಗುವುದು ಅಪರಾಧ. ಬೇಸಿಗೆಯಲ್ಲಿ ಕ್ಯಾಂಪ್‌ಫೈರ್ ಹಚ್ಚುವುದಂತೂ ಹುಚ್ಚುತನ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅದರ ಹಿಂದಿನ ದಿನವಷ್ಟೇ ಅವರೂ ನಗುನಗುತ್ತಾ ಬೆಟ್ಟ ಹತ್ತಿದವರು.

ಹಾಗಾಗಿ ಕ್ಯಾಂಪ್ ಅಂದ್ರೆ ನನ್ನ ಮತ ಹೊಳೆ ದಡಕ್ಕೆ. ಕನಕಪುರ ದಾಟಿ ಸಂಗಮಕ್ಕೆ ಹೋದರೆ ಅರ್ಕಾವತಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಇನ್ನಷ್ಟು ಒಳಗೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ ಸಂಸ್ಥೆಯವರ ಗಾಳಿಬೋರೆ ಕ್ಯಾಂಪ್. ಬೆಂಗಳೂರಿಂದ ಹೆಚ್ಚುಕಡಿಮೆ 100 ಕಿಲೋಮೀಟರ್. ಬಿಸಿಲಿನ ಲೆಕ್ಕ ಹಾಕಿದರೆ ಇದು ನಮ್ಮೂರಿಗಿಂತ ಬಿಸಿಯ ಜಾಗ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಕಾವೇರಿ ಕಣಿವೆ ಅದಕ್ಕಿಂತ ಎಷ್ಟೋ ಕೆಳಗೆ. ಆದರೆ ದಡದುದ್ದಕ್ಕೂ ದೊಡ್ಡ ದೊಡ್ಡ ಹೊಳೆಮತ್ತಿ ಮರಗಳು. ಅವುಗಳ ನೆರಳಲ್ಲಿ ಜೋಲಿ ಕಟ್ಟಿದ್ದರೆ ಮಧ್ಯಾಹ್ನ ಹೇಗೆ ಕಳೆಯಿತು ಅಂತಲೇ ಗೊತ್ತಾಗಲ್ಲ. ಅಮ್ಮ ಊಟ ಮಾಡಿ ಅದರಲ್ಲಿ ಮಲಗಿದವರು ಕಾಫಿಗೇ ಎದ್ದಿದ್ದು.

ಅಲ್ಲೇ ತಲೆಯ ಮೇಲೆ ಮಕ್ಕಳು ಕಂಡುಹಿಡಿದದ್ದು ಬೂದು ಬಣ್ಣದ ದೊಡ್ಡ ಅಳಿಲು. ಮಲೆನಾಡಿನ ಕೆಂಜಳಿಲಿನ ನೆಂಟ. ಕರ್ನಾಟಕದಲ್ಲಿ ಇದಕ್ಕೆ ಕಾವೇರಿ ವನ್ಯಧಾಮವೇ ಮುಖ್ಯ ನೆಲೆ. ಕೊಂಬೆಯ ಮೇಲೆ ಹೊಟ್ಟೆ ಚೆಲ್ಲಿ ಮಲಗಿತ್ತು, ಬಾಲ ಆಚೆ ಕಡೆ ಜೋತುಬಿದ್ದಿತ್ತು, ಕಣ್ಣು ಮಾತ್ರ ನಮ್ಮ ಮೇಲೆ. ಅದೂ ಸೆಕೆಗೆ ಸೋತಿತ್ತು ಅನಿಸುತ್ತದೆ. ಸಂಜೆ ತೆಪ್ಪದಲ್ಲಿ ಹೋದರೆ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದ ಮೊಸಳೆ. ಅದನ್ನು ನೋಡಿದ ಮೇಲೆ ನೀರಿಗೆ ಇಳಿಯಬೇಡಿ ಅಂತ ಮಕ್ಕಳಿಗೆ ಯಾರೂ ಹೇಳಬೇಕಾಗಲಿಲ್ಲ. ದೊಡ್ಡವರಿಗೆ ಹೇಳಬೇಕು. ಮುತ್ತತ್ತಿ, ಸಂಗಮದ ಕಡೆ ಬೇಸಿಗೆಯಲ್ಲಿ ನೀರು ಕಡಿಮೆ ಕಾಣುತ್ತದೆ, ಮಂಡಿಯುದ್ದ ಅನ್ನಿಸುತ್ತದೆ. ಬಂಡೆಗಳ ನಡುವೆ ಆಳದ ಗುಂಡಿ, ಸುಳಿ ಇರುತ್ತವೆ. ಈಜು ಬಲ್ಲವರೇ ಅಲ್ಲಿ ಮುಳುಗಿದ್ದಾರೆ.

ಕೊರತೆ ಎರಡು. ಕೋತಿ ಕಾಟ ವಿಪರೀತ, ಅಕ್ಕನ ಕೈಯಿಂದ ಕೋಡುಬಳೆ ಪೊಟ್ಟಣ ಹೋಗಿದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ. ಇನ್ನೊಂದು, ಹೊಳೆಯಲ್ಲಿ ನೀರು ತೀರಾ ಇಳಿದಿದ್ದರೆ ತೆಪ್ಪ ಬಿಡಲ್ಲ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಕಬಿನಿ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ದೂರ. ಎಚ್.ಡಿ. ಕೋಟೆ ಮೇಲೆ 200 ಕಿಲೋಮೀಟರ್ ದಾಟುತ್ತದೆ. ಆದರೆ ಬೇಸಿಗೆಯಲ್ಲೇ ಹೋಗಬೇಕಾದ ಕಾಡು ಅಂದ್ರೆ ಇದೇ. 1974ರಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಏಪ್ರಿಲ್, ಮೇನಲ್ಲಿ ಇಳಿಯುತ್ತದೆ. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತ ನಾಗರಹೊಳೆ, ಬಂಡೀಪುರ, ವಯನಾಡು ಎಲ್ಲ ಒಣಗಿ ನಿಂತಿರುವಾಗ ಆನೆಗಳು ಗುಂಪು ಗುಂಪಾಗಿ ಇಲ್ಲಿಗೇ ಬರುತ್ತವೆ. ನಾವು ನೋಡಿದ ಸಂಜೆ ಒಂದು ಮರಿ ಹುಲ್ಲನ್ನು ಸೊಂಡಿಲಲ್ಲಿ ಕೀಳೋಕೆ ಒದ್ದಾಡುತ್ತಿತ್ತು. ತಾಯಿ ಹುಲ್ಲನ್ನು ಕಾಲಿಂದ ಒದ್ದು ಕಿತ್ತು, ಮಣ್ಣು ಕೊಡವಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಮರಿ ಕಾಲಿಂದ ಒದ್ದದ್ದು ಬರೀ ಧೂಳನ್ನು. ಜೀಪಿನಲ್ಲಿ ಹುಲಿ ಹುಲಿ ಅಂತ ಜಪ ಮಾಡುತ್ತಿದ್ದವರೂ ಸುಮ್ನೆ ಕೂತು ನೋಡಿದರು.

ಹುಲಿ ಕಂಡಿತಾ? ಇಲ್ಲ. ಹುಲಿಗೋಸ್ಕರವೇ ಅಷ್ಟು ದುಡ್ಡು ಸುರಿಯುವವರು ಹೋಗದಿರುವುದೇ ಒಳ್ಳೆಯದು. ಬೆನ್ನು ನೋವಿದ್ದವರಿಗೆ ಜೀಪಿಗಿಂತ ದೋಣಿ ಸಫಾರಿ ಕೇಳಿ. ಆನೆ ನೋಡೋಕೆ ಅದೇ ಸರಿ.

ಒಂದು ದಿನದ ರಜೆ, ಕೈಯಲ್ಲಿ ಜಾಸ್ತಿ ದುಡ್ಡಿಲ್ಲ, ಮನೆಮಂದಿಯೆಲ್ಲ ಬರಬೇಕು ಅಂದ್ರೆ ನನ್ನ ಆಯ್ಕೆ ಕೊಕ್ಕರೆ ಬೆಳ್ಳೂರು. ಸಾವನದುರ್ಗ, ಗಾಳಿಬೋರೆ ಎರಡನ್ನೂ ಪಕ್ಕಕ್ಕಿಟ್ಟು ಹೇಳ್ತಿದ್ದೀನಿ. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ತಿರ ತಿರುಗಬೇಕು, ಒಟ್ಟು 80 ಕಿಲೋಮೀಟರ್ ಆಸುಪಾಸು. ಗೇಟಿಲ್ಲ, ಜೀಪಿಲ್ಲ. ಅದೊಂದು ಊರು. ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಹಸು ಕಟ್ಟಿರುತ್ತಾರೆ, ಬಟ್ಟೆ ಒಣಗಿಸಿರುತ್ತಾರೆ, ಮೇಲಿಂದ ಪಿಚಕ್ ಅಂತ ಬೀಳುತ್ತದೆ. ಮೀನಿನ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ, ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಆ ಹಿಕ್ಕೆಯನ್ನೇ ಊರವರು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಹಕ್ಕಿ ಕೂತ ಮರದ ಹುಣಸೆಹಣ್ಣಿನ ಆಸೆಯನ್ನು ಬಿಟ್ಟುಕೊಟ್ಟವರೂ ಅವರೇ. ಗೂಡಿನಿಂದ ಬಿದ್ದ ಮರಿಗಳನ್ನು ಬಲೆ ಹಾಕಿದ ಆವರಣದಲ್ಲಿಟ್ಟು ಮೀನು ಹಾಕಿ ಸಾಕುತ್ತಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಅಮ್ಮ ಒಂದು ಮನೆಯ ಜಗಲಿಯಲ್ಲಿ ಕೂತು, ಆ ಮನೆಯಜ್ಜಿಯ ಜೊತೆ ಮಾತಾಡುತ್ತಲೇ ಅಷ್ಟೂ ಹಕ್ಕಿ ನೋಡಿದರು. ಬೈನಾಕ್ಯುಲರ್ ಇಲ್ಲದೆಯೂ ಕಾಣುತ್ತದೆ. ಛತ್ರಿ ಅಥವಾ ಟೋಪಿ ಮಾತ್ರ ಮರೀಬೇಡಿ, ಬಿಸಿಲಿಗೂ ಆಯಿತು, ಮೇಲಿಂದ ಬೀಳೋದಕ್ಕೂ ಆಯಿತು. ಬೈಕಿನಲ್ಲಿ ಹೋಗುವ ಗೆಳೆಯರಿಗೆ ಒಂದು ಮಾತು: ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ಬಿಡಲ್ಲ, ಸರ್ವಿಸ್ ರಸ್ತೆಯೇ ಗತಿ. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಮರಿಗಳು ಗೂಡಲ್ಲೇ ಇರುತ್ತವೆ. ಮುಂಗಾರು ಶುರುವಾಗುವ ಹೊತ್ತಿಗೆ ಹಕ್ಕಿಗಳು ಹೊರಟುಬಿಟ್ಟಿರುತ್ತವೆ. ಅದಕ್ಕೇ ಮಕ್ಕಳ ಪರೀಕ್ಷೆ ಮುಗಿದ ವಾರವೇ ಹೊರಡಿ, ಕಬಿನಿಯನ್ನು ಮೇ ತಿಂಗಳಿಗೆ ಬುಕ್ ಮಾಡಿ.