ವಿದ್ಯಾನಗರದ ಡಿ.ಫಾರ್ಮ್ ಟ್ಯೂಷನ್: ಪಾಠ ಭಾರಿ, ನೋಟ್ಸ್ ಸುಮಾರ
ಐದಕ್ಕ ನಾಕು ಸ್ಟಾರ್ ಕೊಡ್ತೀನ್ರಿ. ಹುಬ್ಬಳ್ಳಿ ವಿದ್ಯಾನಗರದಾಗ ಚಿಗರಿ ಬಸ್ ಇಳದು ಒಳಗ ನಡದ್ರ ಒಂದು ಮನಿ ಮ್ಯಾಲಿನ ಮಹಡಿಯಾಗ ನಡಿಯೋ ಟ್ಯೂಷನ್ ಇದು, ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಫಸ್ಟ್ ಇಯರ್ ಫಾರ್ಮಸ್ಯೂಟಿಕ್ಸ್‌ಗೆ, ಅಂದ್ರ ಔಷಧ ತಯಾರಿಸೋ ವಿಷಯಕ್ಕ. ನಾ ಕನ್ನಡ ಮೀಡಿಯಂದಾಂವ, ಕಾಲೇಜಿನಾಗ ಸೊಲ್ಯೂಷನ್ (ದ್ರಾವಣ) ಚಾಪ್ಟರ್ ಬರೇ ಬಾಯಿಪಾಠ ಆಗಿತ್ತು.

ಇಲ್ಲಿ ಸರ್ ಡೆಫಿನಿಷನ್ ಬರಸೂದಕ್ಕಿಂತ ಮೊದ್ಲ ಒಂದು ಲೆಕ್ಕಾ ಕೊಡ್ತಾರ. ಸಿರಪ್‌ನಾಗ ಪ್ಯಾರಾಸಿಟಮಾಲ್ 5 ಎಂಎಲ್‌ಗೆ 120 ಮಿಲಿಗ್ರಾಂ ಇರಬೇಕು, ಅಂದ್ರ ಒಂದು ಎಂಎಲ್‌ಗೆ 24, ಆದ್ರ ರೂಮ್ ಟೆಂಪರೇಚರ್‌ನಾಗ ಒಂದು ಎಂಎಲ್ ನೀರಿನಾಗ ಕರಗೂದ ಹೆಚ್ಚುಕಮ್ಮಿ 14, ಹಂಗಾರ ಉಳದ 10ಕ್ಕ ಏನ್ ಮಾಡ್ತಿ ಹೇಳು ಅಂತಾರ. ಕಾಸಿದ್ರ ಆತು ಅಂದ ಒಬ್ಬ. ಕಾಸಿದ್ರು, ಕರಗ್ತು, ಆರಿದ ಮ್ಯಾಲೆ ತಳದಾಗ ಹರಳು ಕುಂತ್ವು ನೋಡ್ರಿ! ಆಲ್ಕೋಹಾಲ್‌ನಾಗ ಚಲೋ ಕರಗ್ತೈತಿ, ಆದ್ರ ಸಣ್ಣ ಹುಡುಗ್ರ ಔಷಧಕ್ಕ ಅದನ್ನ ಹೆಂಗ ಸುರೀತೀರಿ? ಅದಕ್ಕ ನೀರಿನ ಜೋಡಿ ಪ್ರೊಪೈಲಿನ್ ಗ್ಲೈಕಾಲ್, ಗ್ಲಿಸರಿನ್ ಬೆರಸ್ತಾರ, ಕೋ-ಸಾಲ್ವೆಂಟ್ (ಕರಗಸಾಕ ನೆರವಾಗೋ ಜೋಡಿ ದ್ರವ) ಅಂದ್ರ ಇದ. ಇಲ್ಲಾಂದ್ರ ಕರಗಸೂದ ಬಿಟ್ಟು ಪುಡಿನ ದ್ರವದಾಗ ತೇಲಿಸಿ ಸಸ್ಪೆನ್ಷನ್ ಮಾಡ್ತಾರ, ಆ ಬಾಟ್ಲಿ ಮ್ಯಾಲೆ ಅಲ್ಲಾಡಿಸಿ ಕುಡೀರಿ ಅಂತ ಬರದಿರ್ತೈತಿ.

ಬರೇ ಕರಗಿದ್ರ ಸಾಲ್ವೆಂಟ್ (ಕರಗಿಸೋ ದ್ರವ) ಚಲೋ ಅಂತಲ್ಲ ಅನ್ನೂದು ಅಲ್ಲೇ ತಲಿಗೆ ಹೋತು. ಆಸ್ಪಿರಿನ್ ನೀರಿನಾಗ ಇಟ್ರ ಒಡದು ಹೋಗ್ತೈತಿ. ಪ್ರೊಜೆಸ್ಟರಾನ್‌ನಂಥಾ ಹಾರ್ಮೋನ್ ನೀರಿಗೆ ಬಗ್ಗಂಗಿಲ್ಲ, ಎಣ್ಣಿಯಾಗ ಕರಗಿಸಿ ಇಂಜೆಕ್ಷನ್ ಮಾಡ್ತಾರ, ಅದನ್ನ ಸ್ನಾಯುವಿಗೆ ಅಷ್ಟ ಕೊಡೂದು, ರಕ್ತನಾಳಕ್ಕ ಕೊಟ್ರ ಜೀವಕ್ಕ ಕುತ್ತು. ಅಯೋಡಿನ್ ಅಂತೂ ನೀರಿನಾಗ ಕರಗೂದ ಕಷ್ಟ, ಪೊಟ್ಯಾಸಿಯಂ ಅಯೋಡೈಡ್ ಹಾಕಿದ್ ಕೂಡ್ಲೆ ಕಂದು ಬಣ್ಣ ಬಂದು ಕರಗಿಬಿಡ್ತು, ಲ್ಯೂಗಾಲ್ಸ್ ಅನ್ನೋ ಈ ಅಯೋಡಿನ್ ದ್ರಾವಣದ ಪ್ರಾಕ್ಟಿಕಲ್ ನಾವ ಕೈಯಾರೆ ಮಾಡಿದ್ವಿ, ಬೆರಳು ಇನ್ನೂ ಹಳದಿ ಅದಾವು.

1937ರಾಗ ಅಮೆರಿಕಾದಾಗ ಸಲ್ಫಾನಿಲಮೈಡ್ ಗುಳಿಗಿನ ಔಷಧಾನ ಡೈಇಥಿಲಿನ್ ಗ್ಲೈಕಾಲ್ ಅನ್ನೋ ವಿಷದ ದ್ರವದಾಗ ಕರಗಿಸಿ ಮಾರಿದ್ರಂತ, ಕರಗಿದ್ದೇನೋ ಮಸ್ತ್ ಕರಗಿತ್ತು, ಕಿಡ್ನಿ ಫೇಲ್ ಆಗಿ ನೂರಕ್ಕಿಂತ ಜಾಸ್ತಿ ಮಂದಿ ಸತ್ರು, ಮರುವರ್ಷ ಅಲ್ಲಿ ಹೊಸಾ ಕಾಯ್ದೆನ ಬಂತು. 2025ರಾಗ ಮಧ್ಯಪ್ರದೇಶದ ಛಿಂದ್ವಾರಾದಾಗ ಕೂಸುಗಳ ಜೀವಾ ತಗೊಂಡ ಕೆಮ್ಮಿನ ಸಿರಪ್‌ನಾಗೂ ಇದ ವಿಷ ಸಿಕ್ತು. ಈ ಪಾಠದ ದಿನ ಕ್ಲಾಸಿನಾಗ ಯಾರೂ ಮೊಬೈಲ್ ಮುಟ್ಟಲಿಲ್ಲ.

ಒಂದು ಸ್ಟಾರ್ ಯಾಕ ಕಟ್ ಅಂದ್ರ, ಇಷ್ಟು ಚಂದ ಕನ್ನಡದಾಗ ಹೇಳಿ ಕೊನಿಗೆ ಕೈಗೆ ಕೊಡೂದು ಮಸಕ ಮಸಕ ಇಂಗ್ಲಿಷ್ ಝೆರಾಕ್ಸ್. ತೂಕದ ಮಶಿನ್ ಒಂದ ಐತಿ, ಅದಕ್ಕ ಪಾಳಿ ಹಚ್ಚಬೇಕು. ಫ್ಯಾನ್ ಬಗ್ಗೆ ಏನೂ ಹೇಳಂಗಿಲ್ಲ. ಫೀಸ್ ಎರಡು ಕಂತಿನಾಗ ತಗೋತಾರ, ಧಾರವಾಡ, ಗದಗದಿಂದ ಬರೋರು ಸಂಜಿ ಬ್ಯಾಚ್ ಬ್ಯಾಡ್ರಿ, ಪ್ರಾಕ್ಟಿಕಲ್ ಇದ್ದ ದಿನ ಬಿಡೂದ ಲೇಟ್ ಮಾಡ್ತಾರ.