ಅರೆತಲೆನೋವಿಗೆ ಅಕ್ಯುಪಂಕ್ಚರ್: ಎರಡು ವರ್ಷದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ತಲೆನೋವು ಹೋಗಿಲ್ಲ, ಕಡಿಮೆಯಾಗಿದೆ. ತಿಂಗಳಿಗೆ 9–10 ದಿನ ಕಿಟಕಿ ಮುಚ್ಚಿ ಮಲಗುತ್ತಿದ್ದೆ. ಈಗ 4–5 ದಿನ. ಶಾಲೆಗೆ ರಜೆ ಹಾಕುವುದು ಅಪರೂಪವಾಗಿದೆ. ನನಗೆ ಇದು ಸಣ್ಣ ವಿಷಯವಲ್ಲ.

ಅಕ್ಯುಪಂಕ್ಚರ್‌ಗೆ, ಅಂದರೆ ಮೈಯ ಕೆಲವು ಜಾಗಗಳಲ್ಲಿ ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆಗೆ, ಹೋಗುವ ಮುಂಚೆ ನನ್ನನ್ನು ಕಾಡಿದ್ದು ಸೂಜಿಯ ಭಯ. ಇಂಜೆಕ್ಷನ್ ಸೂಜಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಮರೆತುಬಿಡಿ. ಅದು ಟೊಳ್ಳು, ಇದು ಗಟ್ಟಿ ತಂತಿ. ದಪ್ಪ ಸುಮಾರು 0.25 ಮಿಲಿಮೀಟರ್. ಸಣ್ಣ ಕೊಳವೆಯೊಳಗಿಟ್ಟು ಮೇಲಿನಿಂದ ಬೆರಳಲ್ಲಿ ತಟ್ಟುತ್ತಾರೆ, ಇರುವೆ ಕಚ್ಚಿದಷ್ಟೇ. ಗಮನಿಸಬೇಕಾದ್ದು ಅದರ ನಂತರದ ಅನುಭವ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸದಲ್ಲಿ ಸೂಜಿ ಸ್ವಲ್ಪ ಒಳಗೆ ಹೋದಾಗ ಕೈಯೆಲ್ಲ ಭಾರವಾಗಿ, ಒಳಗಿನಿಂದ ಯಾರೋ ಎಳೆದಂತೆ, ಜೋಮು ಹಿಡಿದಂತೆ ಆಗುತ್ತದೆ. ಚೀನೀಯರು ಇದನ್ನು ‘ದೆ ಚಿ’ ಎನ್ನುತ್ತಾರೆ. ಮೊದಲ ದಿನ ಹೆದರಿ ಡಾಕ್ಟರನ್ನು ಕೂಗಿದ್ದೆ. ಈಗ ಆ ಭಾರ ಬರದಿದ್ದರೇ ಏನೋ ಕೊರತೆ ಅನ್ನಿಸುತ್ತದೆ. ಕತ್ತಿನ ಹಿಂದೆ ಕೂದಲಂಚಿನ ಎರಡು ತಗ್ಗುಗಳಲ್ಲಿ, ಪಾದದಲ್ಲಿ ಹೆಬ್ಬೆರಳ ಪಕ್ಕದಲ್ಲಿ, ಹೀಗೆ 10–12 ಸೂಜಿ. 20–25 ನಿಮಿಷ ಅಲುಗಾಡದೆ ಮಲಗಬೇಕು. ಬಹಳ ಸಲ ನಿದ್ದೆಯೇ ಬಂದಿದೆ.

ಒಂದೆರಡು ಸಲಕ್ಕೇ ಫಲ ನೋಡಬೇಡಿ. ನನಗೆ ವ್ಯತ್ಯಾಸ ಕಂಡಿದ್ದು ಆರನೇ ಸಿಟ್ಟಿಂಗ್ ಆದ ಮೇಲೆ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2012ರ ತಲೆನೋವಿನ ಮಾರ್ಗಸೂಚಿಯಲ್ಲೂ, ತಡೆಗಟ್ಟುವ ಮಾತ್ರೆಗಳು ಒಗ್ಗದ ಮೈಗ್ರೇನ್ ರೋಗಿಗಳಿಗೆ 5ರಿಂದ 8 ವಾರಗಳಲ್ಲಿ 10 ಸಿಟ್ಟಿಂಗ್‌ವರೆಗೆ ಪರಿಗಣಿಸಬಹುದು ಎಂದಿದೆ. ಸುಳ್ಳು ಚುಚ್ಚುವಿಕೆಯ (ನಿಜವಾದ ಚಿಕಿತ್ಸೆಯಂತೆಯೇ ಕಾಣುವ, ಹೋಲಿಕೆಗಾಗಿ ಮಾಡುವ ನಕಲಿ ಚುಚ್ಚುವಿಕೆ) ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಅಂತರ ಸಣ್ಣದು ಎನ್ನುವುದೂ ನಿಜ. ನನಗೆ ಒಳ್ಳೆಯದು ಮಾಡಿದ್ದರಲ್ಲಿ ಸೂಜಿಯ ಪಾಲೆಷ್ಟು, ವಾರಕ್ಕೊಮ್ಮೆ ಫೋನಿಲ್ಲದೆ ಮಲಗಿದ್ದರ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಅದಕ್ಕೇ ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಕ್ಕೆ ಕೆಂಪು ಗುರುತು, ಮಾತ್ರೆ ನುಂಗಿದ ದಿನಕ್ಕೆ ನೀಲಿ ಗುರುತು ಹಾಕುತ್ತಾ ಬಂದೆ. ನೀವೂ ಮೊದಲ ದಿನದಿಂದಲೇ ಹಾಕಿ, ನೆನಪನ್ನು ನಂಬಬೇಡಿ.

ಕಹಿ ಅನುಭವವೂ ಇದೆ. ನಾನು ಮೊದಲು ಹೋದ ಕಡೆ 20 ಸಿಟ್ಟಿಂಗಿನ ದುಡ್ಡು ಮುಂಗಡ ಕೇಳಿದರು, ನರರೋಗ ತಜ್ಞರು ಕೊಟ್ಟ ಮಾತ್ರೆಯನ್ನು ಅಂದೇ ನಿಲ್ಲಿಸಿ ಎಂದರು. ಎರಡನೇ ಸಲಕ್ಕೆ ಬಿಟ್ಟು ಬಂದೆ. ಹಾಗೆ ಹೇಳುವ ಯಾರ ಹತ್ತಿರವೂ ಚುಚ್ಚಿಸಿಕೊಳ್ಳಬೇಡಿ. ಈಗ ನೋಡುತ್ತಿರುವವರು ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದ ವೈದ್ಯೆ, ಅವರ ಕೋರ್ಸಿನಲ್ಲೇ ಅಕ್ಯುಪಂಕ್ಚರ್ ಇದೆ. ನನ್ನ ಹಳೆಯ ಚೀಟಿಗಳನ್ನೆಲ್ಲ ಓದಿದರು, ಮಾತ್ರೆ ಮುಂದುವರಿಸಿ ಎಂದರು. ಪ್ರತಿ ಸಲ ಸೀಲ್ ಒಡೆದ ಹೊಸ ಸೂಜಿ, ನನ್ನ ಕಣ್ಣೆದುರೇ. ತೆಗೆದ ಮೇಲೆ ಎಣಿಸಿ ಡಬ್ಬಿಗೆ ಹಾಕುತ್ತಾರೆ.

ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಲೇಬೇಕು. ಸೂಜಿ ತೆಗೆದ ಕಡೆ ಒಂದು ಹನಿ ರಕ್ತ, ಎರಡು ದಿನ ಉಳಿಯುವ ನೀಲಿ ಕಲೆ ನನಗೆ ಆಗಾಗ ಆಗಿದೆ. ಒಮ್ಮೆ ಬೆಳಗ್ಗೆ ತಿಂಡಿ ತಿನ್ನದೆ ಹೋಗಿ ತಲೆ ಸುತ್ತಿ ಬಂತು. ತಕ್ಷಣ ಸೂಜಿ ತೆಗೆದು ಕಾಲು ಎತ್ತಿಟ್ಟು ಮಲಗಿಸಿದರು. ಆಮೇಲಿಂದ ಎರಡು ಇಡ್ಲಿಯಾದರೂ ತಿಂದೇ ಹೋಗುತ್ತೇನೆ.

ಒಂದು ಸಿಟ್ಟಿಂಗಿಗೆ 500 ರೂಪಾಯಿ ಕೊಡುತ್ತಿದ್ದೇನೆ. ಮೊದಲ ಎರಡು ತಿಂಗಳು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಕಳೆದ ವರ್ಷ ಪರೀಕ್ಷೆ, ಮೌಲ್ಯಮಾಪನ ಅಂತ ಮೂರು ತಿಂಗಳು ಬಿಟ್ಟಿದ್ದೆ. ಮೂರನೇ ತಿಂಗಳಲ್ಲಿ ಕೆಂಪು ಗುರುತು 7 ಆಗಿತ್ತು. ಮತ್ತೆ ಶುರು ಮಾಡಿದ್ದೇನೆ. ಈ ತಿಂಗಳು ಇಲ್ಲಿಯವರೆಗೆ 3.