ವಿಮಾನದ ಟೈಮ್ ಹೇಳೋ ಆ್ಯಪು, ಕಲಬುರಗಿಯಿಂದ ಬೆಂಗಳೂರಿಗಿ: 5ರಾಗ 3 ಸ್ಟಾರ್

ಎರಡು ಊರಿನ ಹೆಸರು ಹಾಕಿದ್ರ ನಡುವ ಎಷ್ಟು ಕಿಲೋಮೀಟರ್, ವಿಮಾನದಾಗ ಎಷ್ಟು ತಾಸು ಅಂತ ತೋರಿಸೋ ಆ್ಯಪ್ ಇರ್ತಾವಲ್ರಿ, ಅಂಥಾದೊಂದು ಅಳಿಯ ಮೊಬೈಲಿನಾಗ ಹಾಕಿಕೊಟ್ಟಿದ್ದ, ಹೆಸರು ಹೇಳಂಗಿಲ್ಲ ಯಾಕಂದ್ರ ಹೆಚ್ಚುಕಮ್ಮಿ ಎಲ್ಲಾ ಇದೇ ನಮೂನಿ ಅವ.

ಮೊದಲ ಕಲಬುರಗಿ ಅಂತ ಹಾಕಿದ್ರ ಸಿಗ್ಲೇ ಇಲ್ಲ, ಗುಲ್ಬರ್ಗಾ ಅಂದ ಮ್ಯಾಲ ಬಂತು. ಹೆಸರು ಬದಲಾಗಿದ್ದು 2014ರಾಗ ಮಾರಾಯ! ವಿಮಾನ ನಿಲ್ದಾಣದ ಕೋಡ್ ಜಿಬಿಐ ಅಂತ ಹಳೇ ಹೆಸರಿಂದೇ ಅದ, ಅದು ಬ್ಯಾರೆ ಮಾತು.

ಬೆಂಗಳೂರಿಗಿ 490 ಕಿ.ಮೀ., 1 ತಾಸು 7 ನಿಮಿಷ ಅಂತು. ಇದು ಹಕ್ಕಿ ಹಾರಿದಂಗ ನೆಟ್ಟಗ ಅಳೆದ ಲೆಕ್ಕ, ರೋಡಿನ ಮ್ಯಾಲ ಹತ್ತತ್ರ 600 ಆಗ್ತದ, ಉದ್ಯಾನ್ ಎಕ್ಸ್‌ಪ್ರೆಸ್ ಅಂತೂ ವಾಡಿ, ರಾಯಚೂರು, ಗುಂತಕಲ್ ಅಂತ ಆಂಧ್ರ ಸುತ್ತಿಕೊಂಡು ಹೋಗ್ತದ. ಟೈಮ್ ಹೆಂಗ ಬರ್ತದ ಅಂತ ಅಳಿಯ ಕೂತು ಲೆಕ್ಕ ಹಾಕಿದ, ತಾಸಿಗಿ 800 ಕಿ.ಮೀ. ಅಂತ ಹಿಡಿದು ಏರ್ಲಿಕ್ಕ ಇಳೀಲಿಕ್ಕ ಅರ್ಧ ತಾಸು ಕೂಡಿಸ್ತದ, ಅಷ್ಟೇ. ಪರೀಕ್ಷಾ ಮಾಡ್ಲಿಕ್ಕ ಯಾದಗಿರಿಯಿಂದ ಕಲಬುರಗಿ ಅಂತ ಹಾಕಿದೆ, 35 ನಿಮಿಷ ವಿಮಾನ ಅಂತು. ಯಾದಗಿರಿಯಾಗ ವಿಮಾನ ಎಲ್ಲಿ ಇಳಸ್ತಾರಪ್ಪ, ಜ್ವಾಳದ ಹೊಲದಾಗೇನು?

ನನ್ನ ತಪ್ಪೂ ಅದ ಅನ್ರಿ. ಕಾಕಾರಿಗೆ ಬೆಂಗಳೂರಿನಾಗ ಡಾಕ್ಟರ್ ಹತ್ರ ತೋರಿಸೋದಿತ್ತು, ಒಂದು ತಾಸಿನ ದಾರಿ ಅಂತ ನಂಬಿ ಹನ್ನೆರಡಕ್ಕ ಅಪಾಯಿಂಟ್‌ಮೆಂಟ್ ತಗೊಂಡೆ. ಮನಿಗಿ ಕೀಲಿ ಹಾಕಿದ್ದು ಏಳೂವರಿಗಿ. ಸೇಡಂ ರೋಡಿನ ಮ್ಯಾಲ ಶ್ರೀನಿವಾಸ ಸರಡಗಿ ಹತ್ರ ನಮ್ಮ ಏರ್‌ಪೋರ್ಟು, ಊರಿಂದ ಹದಿನಾಲ್ಕು ಕಿ.ಮೀ., ಸಣ್ಣದಿದ್ರೂ ಸ್ವಚ್ಛ ಅದ, ಗದ್ದಲ ಇಲ್ಲ. ಆದ್ರೂ ಮುಂಚೆ ಹೋಗಿ ಕುಂದರಬೇಕಲ್ಲ, ಚೆಕಿಂಗ್‌ನ್ಯಾಗ ಕಾಕಾ ಸೊಂಟದ ಬೆಲ್ಟ್ ಬಿಚ್ಚಲ್ಲ ಅಂತ ಹಟಾ ಹಿಡಿದ್ರು, ಶೇಂಗಾ ಹಿಂಡಿ ಡಬ್ಬಿ ಏನಂತ ತೆಗಿಸಿ ನೋಡಿದ್ರು. ಒಂಬತ್ತೂವರಿ ವಿಮಾನ ಏರಿದ್ದು ಒಂಬತ್ತೂ ನಲವತ್ತಕ್ಕ, ಇಳಿದಿದ್ದು ಹತ್ತೂ ನಲವತ್ತೈದಕ್ಕ. ಆಕಾಶದಾಗಿನ ಲೆಕ್ಕ ಆ್ಯಪ್ ಹೇಳಿದ್ದು ಖರೇನೇ ಆಯ್ತು ನೋಡ್ರಿ.

ಆದ್ರ ಇಳಿದಿದ್ದು ದೇವನಹಳ್ಳಿಯಾಗ! ಬ್ಯಾಗ್ ಬರೋತನಕ ನಿಂತು, ವಾಯುವಜ್ರ ಬಸ್ ಹಿಡಿದು, ಹೆಬ್ಬಾಳದಾಗ ಸಿಕ್ಕೊಂಡು, ಮೆಜೆಸ್ಟಿಕ್ ಮುಟ್ಟಿದಾಗ ಒಂದು ಗಂಟಿ. ಐದೂವರಿ ತಾಸು! ಡಾಕ್ಟರ್ ಊಟಕ್ಕ ಎದ್ದಿದ್ರು, ನಾಲ್ಕರ ತನಕ ಬೆಂಚಿನ ಮ್ಯಾಲ ಕಾಯ್ದಿವಿ. ವಂದೇ ಭಾರತ್‌ಗ ಒಂಬತ್ತು ತಾಸು ಹತ್ತತ್ರ ಬೇಕು, ಅಂದ್ರ ವಿಮಾನದಾಗ ಉಳಿದಿದ್ದು ಮೂರೂವರಿ ತಾಸು, ಆ್ಯಪ್ ನೋಡಿದ್ರ ಎಂಟು ತಾಸು ಉಳೀತದ ಅನ್ನಿಸ್ತದ.

ಜಾಹೀರಾತು ಕಡಿಮಿ ಅವ, ಲಾಗಿನ್ ಕೇಳಲ್ಲ, ಅದಕ್ಕ ಮೂರು ಸ್ಟಾರ್. ಎರಡು ಕಡದಿದ್ದು ಯಾಕಂದ್ರ ಆ ದಾರಿಯಾಗ ಖರೇ ವಿಮಾನ ಹಾರ್ತದೋ ಇಲ್ಲೋ ಅಂತ ಒಂದು ಮಾತೂ ಹೇಳಲ್ಲ. ನಮ್ಮ ಕಡಿ ಇದು ಭಾಳ ಮುಖ್ಯ, ಬೀದರಿನಾಗ ಸೇವೆ ಶುರು ಆಗಿ ನಿಂತು ಮತ್ತ ಶುರು ಆಗಿದ್ದು ಎಲ್ಲಾರೂ ನೋಡೇವಿ, ಟಿಕೆಟ್ ಸೈಟಿನಾಗ ಆ ವಾರದ್ದು ನೋಡ್ಕೊಂಡೇ ಹೊರಡ್ರಿ.

ಕಾಕಾ ವಾಪಸ್ ಬರೋವಾಗ ವಿಮಾನ ಬ್ಯಾಡ ಅಂದ್ರು, ಉದ್ಯಾನ್‌ದಾಗ ರಾತ್ರಿ ಮಲಗಿ ಮುಂಜಾನೆ ಇಳಿದೇವಿ, ಬೆಲ್ಟ್ ಯಾರೂ ಬಿಚ್ಚಿಸಲಿಲ್ಲ.